ಜಮೀನಿನಲ್ಲಿ ಜೌಗು ಇದೆಯೇ? ನಾನು ನೋಡುವ ಕ್ರಮ

ಹಳ್ಳಿ ಕಡೆ ಜಮೀನು ಕೊಳ್ಳುವ ಮುಂಚೆ, ಇಲ್ಲವೇ ಮನೆಗೆ ಪಾಯ ತೆಗೆಸುವ ಮುಂಚೆ, ಜನ ನನ್ನನ್ನು ಕರೆದು ಕೇಳುವುದು ಒಂದೇ ಮಾತು: "ಇಲ್ಲಿ ಜೌಗು ಇದೆಯಾ, ಇಲ್ಲವಾ?" ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: "ನಾವು ನೋಡಿದಾಗಲೆಲ್ಲ ಒಣಗೇ ಇತ್ತು." ಅವರು ಹೇಳುವುದು ನಿಜವೇ ಇರುತ್ತದೆ. ಆದರೆ ಅಷ್ಟರಿಂದ ಏನೂ ತೀರ್ಮಾನವಾಗುವುದಿಲ್ಲ. ವರ್ಷಪೂರ್ತಿ ನೀರು ನಿಂತರೆ ಮಾತ್ರ ಜೌಗು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಗಿಡ ಬೆಳೆಯುವ ಕಾಲದಲ್ಲಿ ಒಂದೆರಡು ವಾರ ಬಿಡದೆ ಬೇರಿನ ಮಟ್ಟದಲ್ಲಿ ನೀರು ತುಂಬಿಕೊಂಡಿದ್ದರೂ ಸಾಕು, ಮಣ್ಣು ಬದಲಾಗುತ್ತದೆ, ಅಲ್ಲಿ ಬರುವ ಗಿಡಗಳೂ ಬದಲಾಗುತ್ತವೆ. ಉಳಿದ ತಿಂಗಳುಗಳಲ್ಲಿ ಅದರ ಮೇಲೆ ಚಪ್ಪಲಿ ಕೆಸರಾಗದಂತೆ ಓಡಾಡಬಹುದು.

ಜೌಗು ನೆಲಗಳನ್ನು ಉಳಿಸಲು ದೇಶಗಳು ಸೇರಿ ಮಾಡಿಕೊಂಡ 1971ರ ರಾಮ್‌ಸರ್ ಒಪ್ಪಂದದ ವ್ಯಾಖ್ಯೆಯೂ ಇದನ್ನೇ ಹೇಳುತ್ತದೆ. ನೀರು ಕಾಯಂ ಇರಲಿ, ಕೆಲಕಾಲ ಮಾತ್ರ ಇರಲಿ, ನಿಂತಿರಲಿ, ಹರಿಯುತ್ತಿರಲಿ, ಸಿಹಿಯಿರಲಿ, ಉಪ್ಪಿರಲಿ, ಎಲ್ಲವೂ ಅದರೊಳಗೆ ಬರುತ್ತವೆ. ಆದರೆ ಒಂದು ಹೊಲದಲ್ಲಿ ನಿಂತು "ಇಲ್ಲಿಂದ ಇಲ್ಲಿಗೆ" ಅಂತ ಗೆರೆ ಎಳೆಯಲು ಆ ವ್ಯಾಖ್ಯೆ ಸಾಲದು. ಅದಕ್ಕೆ ನಾನು ಅಮೆರಿಕದ ಸೇನಾ ಎಂಜಿನಿಯರುಗಳ ಪಡೆ 1987ರಲ್ಲಿ ತಂದ ಕೈಪಿಡಿಯ ಕ್ರಮ ಹಿಡಿಯುತ್ತೇನೆ. ನೀರು, ಗಿಡ, ಮಣ್ಣು, ಈ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ಮಾಮೂಲಿ ಜಮೀನಿನಲ್ಲಿ ಮೂರೂ ಹೌದು ಅಂದರೆ ಮಾತ್ರ ಜೌಗು. ಕಾನೂನು ದೇಶ ದೇಶಕ್ಕೆ ಬೇರೆ. ಆದರೆ ಮಣ್ಣು ಅಗೆದು ನೋಡುವ ಬಗೆ ಎಲ್ಲ ಕಡೆ ಒಂದೇ.

ಅರ್ಧ ಕೆಲಸ ಮನೆಯಲ್ಲೇ ಮುಗಿಯುತ್ತದೆ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು 1972ರಿಂದ ಇವೆ, 2008ರಿಂದ ಯಾರು ಬೇಕಾದರೂ ಉಚಿತವಾಗಿ ತೆಗೆದುಕೊಳ್ಳಬಹುದು. 2015ರಲ್ಲಿ ಹಾರಿಸಿದ ಸೆಂಟಿನೆಲ್-2ರ ಚಿತ್ರದಲ್ಲಿ ಒಂದೊಂದು ಚುಕ್ಕಿಯೂ ನೆಲದ ಮೇಲೆ 10 ಮೀಟರ್. ಸಣ್ಣ ಹಿಡುವಳಿಗೆ ಅದು ಒರಟಾಯಿತು ನಿಜ, ಆದರೂ ದಿಕ್ಕು ತೋರಿಸುತ್ತದೆ. ನಾನು ಮುಖ್ಯವಾಗಿ ನೋಡುವುದು ವರ್ಷದಲ್ಲೇ ಜಾಸ್ತಿ ಒಣಗಿದ ತಿಂಗಳ ಚಿತ್ರ. ಸುತ್ತಲೂ ಕಂದು ಬಣ್ಣ, ನಡುವೆ ಒಂದು ತುಂಡು ಮಾತ್ರ ಹಸಿರು ಅಂದರೆ ಅಲ್ಲಿ ಗುರುತು ಹಾಕುತ್ತೇನೆ. ಆಮೇಲೆ ಹೋದ ಮೂರು ತಿಂಗಳ ಮಳೆ ಲೆಕ್ಕ ನೋಡುತ್ತೇನೆ. ಮಾಮೂಲಿಗಿಂತ ಜಾಸ್ತಿ ಬಿದ್ದಿದ್ದರೆ ಕಣ್ಣಿಗೆ ಕಾಣುವ ನೀರಿಗೆ ಬೆಲೆ ಕಡಿಮೆ. ತೀರಾ ಕಡಿಮೆ ಬಿದ್ದಿದ್ದರೆ ಒಣ ನೆಲಕ್ಕೂ ಅಷ್ಟೇ.

ಜಮೀನಿಗೆ ಹೋದ ಮೇಲೆ ಅಲ್ಲಿ ದುಡಿದವರನ್ನು ಮಾತಾಡಿಸುತ್ತೇನೆ. "ಜೌಗು ಇದೆಯಾ?" ಅಂತ ಕೇಳುವುದಿಲ್ಲ. ಹಾಗೆ ಕೇಳಿದರೆ ಜನ ಹುಷಾರಾಗಿಬಿಡುತ್ತಾರೆ. "ಟ್ರ್ಯಾಕ್ಟರ್ ಎಲ್ಲಿ ಹೂತುಕೊಳ್ಳುತ್ತೆ? ಯಾವ ಮೂಲೆ ಉಳೋದು ಕೊನೆಗೆ?" ಅಂತ ಕೇಳಿದರೆ ಕೈ ತೋರಿಸಿಯೇ ಹೇಳುತ್ತಾರೆ.

ಇತ್ತೀಚೆಗೆ ನೋಡಿದ ಒಂದು ಜಮೀನನ್ನೇ ತೆಗೆದುಕೊಳ್ಳಿ. ಮೇಲೆ ಗುಡ್ಡದ ಇಳಿಜಾರು, ಕೆಳಗೆ ಸಮತಟ್ಟು, ಅದರಾಚೆ ಹಳ್ಳ. ಹಳ್ಳದ ಪಕ್ಕ ಒದ್ದೆ ಇರಬಹುದು ಅಂತ ಅಂಜಿ ಮಾಲೀಕರು ಮನೆಯನ್ನು ಗುಡ್ಡದ ಬುಡಕ್ಕೆ ತಾಗಿಸಿ ಗುರುತು ಮಾಡಿಸಿದ್ದರು. ನನಗೆ ಮೊದಲ ಅನುಮಾನ ಬಂದದ್ದೇ ಅಲ್ಲಿ. ಹಳ್ಳ ತುಂಬಿ ಹರಿದಾಗಲೆಲ್ಲ ದಪ್ಪ ಮರಳನ್ನು ತನ್ನ ದಂಡೆಯಲ್ಲೇ ಬಿಟ್ಟು ಹೋಗುತ್ತದೆ. ಹಾಗಾಗಿ ದಂಡೆ ತುಸು ಎತ್ತರವಾಗಿ, ನೀರು ಬೇಗ ಬಸಿಯುವಂತೆ ಇರುತ್ತದೆ. ಸಣ್ಣ ಹೂಳು ಮಾತ್ರ ದೂರ ಹೋಗಿ ಗುಡ್ಡದ ಬುಡದಲ್ಲಿ ಕೂರುತ್ತದೆ. ಅದು ನೀರು ಬಿಡದ ಜೇಡಿ. ಮೇಲಿನಿಂದ ಗುಡ್ಡದ ಒಳಗಿನ ನೀರೂ ಬುಡದಲ್ಲೇ ಜಿನುಗುತ್ತದೆ. ಇಂಥ ಕಡೆ ಜೌಗು ಹಳ್ಳದ ಪಕ್ಕಕ್ಕಿಂತ ಗುಡ್ಡದ ಪಕ್ಕದಲ್ಲಿ ಸಿಗುವುದೇ ಹೆಚ್ಚು.

ಹಳ್ಳದಿಂದ ಗುಡ್ಡದವರೆಗೆ ಒಂದು ನೇರ ಗೆರೆ ಹಿಡಿದು ನಡೆದೆ. ಮೊದಲು ಗಿಡ. ದಂಡೆಯ ಮೇಲೆ ಎಲ್ಲೆಡೆ ಸಿಗುವ ಹುಲ್ಲು, ಪೊದೆ. ಬುಡಕ್ಕೆ ಹತ್ತಿರವಾದಂತೆ ಹುಲ್ಲಿನ ಬಣ್ಣ ಕಡುಹಸಿರಾಯಿತು. ಒಂದು ಕಾಂಡ ಕಿತ್ತು ಹೆಬ್ಬೆರಳು, ತೋರುಬೆರಳ ನಡುವೆ ಹೊರಳಿಸಿದೆ. ಹುಲ್ಲಾದರೆ ದುಂಡಗೆ ಉರುಳುತ್ತದೆ. ಇದು ಮೂರು ಏಣಿದ್ದು ತಡೆ ತಡೆದು ಉರುಳಿತು. ಅಂದರೆ ಜೇಕಿನ ಜಾತಿ. ಆ ಗುಂಪಿನ ತುಂಬಾ ಗಿಡಗಳಿಗೆ ಒದ್ದೆ ನೆಲ ಬೇಕು. ಆದರೆ ಇಷ್ಟಕ್ಕೇ ನಂಬಬಾರದು. ಕೊನ್ನಾರಿಯೂ ಅದೇ ಜಾತಿ, ಅದಕ್ಕೂ ಮೂರು ಏಣು, ಒಣ ಹೊಲದಲ್ಲೂ ಕಳೆಯಾಗಿ ಕಾಡುತ್ತದೆ. ಬುಡ ಅಗೆದು ಗಡ್ಡೆ ನೋಡಿದೆ, ಕೊನ್ನಾರಿಯಲ್ಲ. ಇನ್ನೂ ಮುಂದೆ ಜೊಂಡು ಒತ್ತಾಗಿ ನಿಂತಿತ್ತು. ಜೊಂಡಿನ ಸಾಕ್ಷಿ ಗಟ್ಟಿ.

ಎಲ್ಲೋ ಒಂದು ಜೊಂಡು ಕಂಡಿತು ಅಂತ ಬರೆದುಕೊಳ್ಳುವುದು ತಪ್ಪು. ಆ ತುಂಡು ನೆಲದಲ್ಲಿ ಯಾವ ಗಿಡ ಹೆಚ್ಚು ಜಾಗ ಹಿಡಿದಿದೆ ಅನ್ನುವುದೇ ಲೆಕ್ಕ. ಅಂಥ ಮುಖ್ಯ ಗಿಡಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಾತಿಗಳು ಒದ್ದೆಗೆ ಒಗ್ಗಿದವು ಆಗಿರಬೇಕು.

ನೀರಿನ ಗುರುತು ಹುಡುಕುವಾಗ ನೀರನ್ನೇ ಹುಡುಕಬೇಕಿಲ್ಲ. ಮರದ ಕಾಂಡದ ಮೇಲೆ ಒಂದೇ ಎತ್ತರದಲ್ಲಿ ಓಡುವ ಕಲೆ, ಬೇಲಿ ಬುಡದಲ್ಲಿ ಸಾಲಾಗಿ ಸಿಕ್ಕಿಕೊಂಡ ಕಸಕಡ್ಡಿ, ಕಪ್ಪಾಗಿ ನೆಲಕ್ಕೆ ಅಂಟಿದ ಎಲೆ, ಒಣಗಿದ ಪಾಚಿಯ ಹಪ್ಪಳೆ, ಬಸವನಹುಳುವಿನ ಚಿಪ್ಪು, ಏಡಿ ಬಿಲ. ಬಿರುಕು ಬಿಟ್ಟ ನೆಲವನ್ನು ಎರೆ ಮಣ್ಣಿನಲ್ಲಿ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಎಲ್ಲಿದ್ದರೂ ಬಿರಿಯುತ್ತದೆ.

ಗುಡ್ಡದ ಬುಡದ ಒಂದು ಪುಟ್ಟ ಕುಣಿಯಲ್ಲಿ ನೀರಿನ ಮೇಲೆ ಎಣ್ಣೆಯಂಥ ಹೊಳಪಿತ್ತು. ಮಾಲೀಕರು ಗಾಬರಿಯಾದರು. "ಯಾರೋ ಡೀಸೆಲ್ ಚೆಲ್ಲಿದ್ದಾರೆ ಅನ್ಸುತ್ತೆ, ಅಲ್ವಾ ಸರ್?" ಒಂದು ಕಡ್ಡಿ ತೆಗೆದುಕೊಂಡು ಹೊಳಪನ್ನು ತಿವಿದು ತೋರಿಸಿದೆ. ಎಣ್ಣೆಯಾಗಿದ್ದರೆ ಸರಿದು ಮತ್ತೆ ಒಂದಾಗುತ್ತಿತ್ತು. ಇದು ಚೂರು ಚೂರಾಗಿ ಒಡೆದು ಹಾಗೇ ಬೇರೆ ಬೇರೆಯಾಗಿ ತೇಲಿತು. ಇದು ಕಬ್ಬಿಣದ ಬ್ಯಾಕ್ಟೀರಿಯಾಗಳ ಕೆಲಸ. ಗಾಳಿಯಿಲ್ಲದ ಮಣ್ಣಿನಲ್ಲಿ ಕರಗಿದ ಕಬ್ಬಿಣ ಒಳಗಿನ ನೀರಿನ ಜೊತೆ ಹೊರಬಂದು, ಗಾಳಿ ಸೋಕಿದ ಕಡೆ ಹೀಗೆ ಪೊರೆ ಕಟ್ಟುತ್ತದೆ. ನನಗೆ ಬೇಕಾದ ಗುರುತು ಅದೇ ಆಗಿತ್ತು.

ಇನ್ನು ಮಣ್ಣು. ನನ್ನ ಹೆಚ್ಚಿನ ಹೊತ್ತು ಹೋಗುವುದು ಇಲ್ಲೇ, ಹೋಗಬೇಕಾದದ್ದೂ ಇಲ್ಲೇ. ನೀರು ಬಂದು ಹೋಗುತ್ತದೆ, ಗಿಡವನ್ನು ಯಾರಾದರೂ ಸವರಿ ಸುಟ್ಟಿರಬಹುದು. ಮಣ್ಣಿನ ಬಣ್ಣವನ್ನು ಹಾಗೆ ಒಂದು ದಿನದಲ್ಲಿ ಅಳಿಸಲಾಗದು. ಕಾರಣ ಹೀಗಿದೆ. ನೀರಿನೊಳಗೆ ಆಮ್ಲಜನಕ ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದರೆ ಅಲ್ಲಿನ ಸೂಕ್ಷ್ಮಜೀವಿಗಳು ಇದ್ದ ಆಮ್ಲಜನಕವನ್ನು ಬೇಗ ಮುಗಿಸುತ್ತವೆ. ಆಮೇಲೆ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಕೊನೆಗೆ ಸಲ್ಫೇಟ್ ಹೀಗೆ ಒಂದಾದ ಮೇಲೊಂದಕ್ಕೆ ಕೈ ಹಾಕುತ್ತವೆ. ಮಣ್ಣಿಗೆ ಕೆಂಪು, ಹಳದಿ ಕೊಡುವುದು ತುಕ್ಕು ಹಿಡಿದ ಕಬ್ಬಿಣ. ಅದು ಕರಗಿ ಹೊರಟುಹೋದರೆ ಉಳಿಯುವುದು ಬೂದು. ನೀರು ಇಳಿದಾಗ ಬೇರಿನ ದಾರಿಯಲ್ಲಿ ಗಾಳಿ ಬರುತ್ತದೆ, ಕರಗಿದ್ದ ಕಬ್ಬಿಣ ಅಲ್ಲಿ ಮತ್ತೆ ತುಕ್ಕಾಗಿ ಕೂರುತ್ತದೆ. ಬೂದು ಮಣ್ಣು, ಅದರಲ್ಲಿ ಕಿತ್ತಳೆ ಬಣ್ಣದ ಚುಕ್ಕೆ, ಗೆರೆ. ನೀರು ಏರಿ ಇಳಿಯುವ ಜಾಗದ ಗುರುತು ಇದು. ಸಲ್ಫೇಟ್‌ವರೆಗೂ ಹೋಗಿದ್ದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗುಂಡಿ ತೋಡಿದ ಕೂಡಲೇ ಮೂಸಬೇಕು, ಬೇಗ ಆರಿಹೋಗುತ್ತದೆ.

ಗುಂಡಿ ಸುಮಾರು 50 ಸೆಂಟಿಮೀಟರ್ ಆಳ ಸಾಕು. ಒಂದು ಬದಿಯನ್ನು ಸನಿಕೆಯಿಂದ ನೆಟ್ಟಗೆ ಸವರಿ, ಚಾಕುವಿನಿಂದ ಒಂದು ಹೆಂಟೆ ಎಬ್ಬಿಸಿ, ಕೈಯಲ್ಲಿ ಮುರಿಯುತ್ತೇನೆ. ಕತ್ತರಿಸಿದರೆ ಬಣ್ಣ ಮೆತ್ತಿಕೊಳ್ಳುತ್ತದೆ, ಮುರಿದರೆ ಒಳಗಿನ ಬಣ್ಣ ಇದ್ದ ಹಾಗೆ ಕಾಣುತ್ತದೆ. ನೀರು ಚಿಮುಕಿಸಿ ತೇವ ಮಾಡಿ, ಬಿಸಿಲಿಗೆ ಹಿಡಿದು, ಮಣ್ಣಿನ ಬಣ್ಣಗಳ ಮಾದರಿಗೆ ಅಂಕಿ ಕೊಟ್ಟಿರುವ ಮನ್ಸೆಲ್ ಪುಸ್ತಕದ ಪಕ್ಕದಲ್ಲಿಟ್ಟು ಹೋಲಿಸುತ್ತೇನೆ. ತಂಪು ಕನ್ನಡಕ ತೆಗೆದಿಡಬೇಕು. ಬಣ್ಣ ಎಷ್ಟು ಎದ್ದು ಕಾಣುತ್ತದೆ ಅನ್ನುವ ಅಂಕಿ, ಅಂದರೆ ಕ್ರೋಮಾ, 2 ಅಥವಾ ಅದಕ್ಕಿಂತ ಕಡಿಮೆ (ಮಂಕು, ಬೂದು ಕಡೆಗೆ) ಇದ್ದು ಜೊತೆಗೆ ತುಕ್ಕಿನ ಚುಕ್ಕೆಗಳೂ ಇದ್ದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಗುಡ್ಡದ ಬುಡದ ಗುಂಡಿಯಲ್ಲಿ ಒಂದು ಗೇಣು ಕೆಳಗೇ ಬೂದು ಬಂತು. ಬದುಕಿರುವ ಬೇರುಗಳ ಸುತ್ತ ಕಿತ್ತಳೆ ಕೊಳವೆ ಕಟ್ಟಿತ್ತು. ಬದುಕಿರುವ ಬೇರು ಅನ್ನುವುದು ಮುಖ್ಯ. ನೀರಿನ ಆಟ ಈಗಲೂ ನಡೆದಿದೆ ಅಂತ ಅದರಿಂದ ಗೊತ್ತಾಗುತ್ತದೆ.

ಏಕೆಂದರೆ ಮಣ್ಣೂ ಒಮ್ಮೊಮ್ಮೆ ಹಳೆಯ ಕತೆ ಹೇಳುತ್ತದೆ. ಎಷ್ಟೋ ವರ್ಷದ ಹಿಂದೆ ಬಸಿಗಾಲುವೆ ತೆಗೆದು ನೀರು ಹೊರಗೆ ಬಿಟ್ಟಿದ್ದರೂ ಬೂದು ಬಣ್ಣ ಹಾಗೇ ಉಳಿದಿರುತ್ತದೆ. ಆಗ ತುಕ್ಕಿನ ಚುಕ್ಕೆಯ ಅಂಚು ನೋಡುತ್ತೇನೆ. ಈಗಲೂ ಬೆಳೆಯುತ್ತಿರುವ ಚುಕ್ಕೆಯ ಅಂಚು ಸುತ್ತಲಿನ ಮಣ್ಣಿಗೆ ಮಸುಕಾಗಿ ಬೆರೆತಿರುತ್ತದೆ. ಹಳೆಯದು ಕೊರೆದಿಟ್ಟ ಹಾಗೆ ಚೂಪಾಗಿ ಇರುವುದೇ ಹೆಚ್ಚು. ಕೆಮ್ಮಣ್ಣು, ಕಡುಕಪ್ಪು ಮಣ್ಣುಗಳಲ್ಲಿ ಬಣ್ಣವೇ ಮರೆಯಾಗುವುದರಿಂದ ಓದುವುದು ಕಷ್ಟ. ಅಲ್ಲಿ ನಾನು ನೀರು, ಗಿಡಗಳ ಕಡೆಗೆ ಹೆಚ್ಚು ಒತ್ತು ಕೊಡುತ್ತೇನೆ.

ಗುಂಡಿಯೊಳಗೆ ನೀರು ಎಷ್ಟು ಎತ್ತರಕ್ಕೆ ಬರುತ್ತದೆ ಅಂತ ಕಾಯಬೇಕು. ಮರಳಿನಲ್ಲಿ ಬೇಗ ನಿಲ್ಲುತ್ತದೆ, ಜೇಡಿಯಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ಅವಸರ ಮಾಡಿ ಅಳೆದರೆ ನೀರು ಆಳದಲ್ಲಿದೆ ಅಂತ ತಪ್ಪು ಲೆಕ್ಕ ಬರುತ್ತದೆ. ಮೇಲಿನ 30 ಸೆಂಟಿಮೀಟರ್ ಒಳಗೆ ನೀರು ನಿಂತರೆ ಅದು ಬಲವಾದ ಗುರುತು.

ಗೆರೆ ಎಳೆಯಲು ಗುಂಡಿಗಳನ್ನು ಜೋಡಿಯಾಗಿ ತೆಗೆಯುತ್ತೇನೆ, ಒದ್ದೆ ಕಡೆ ಒಂದು, ಒಣ ಕಡೆ ಒಂದು. ಎರಡರ ನಡುವೆ ಅಂತರ ಕಡಿಮೆ ಮಾಡುತ್ತಾ ಬಂದರೆ ಎಲ್ಲೆ ಸಿಗುತ್ತದೆ. ಅಲ್ಲಿ ಗೂಟ ನೆಟ್ಟು ಬಣ್ಣದ ಪಟ್ಟಿ ಕಟ್ಟುತ್ತೇನೆ. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಮನೆ ಕಟ್ಟುವ ಜಾಗದಲ್ಲಿ ಅಷ್ಟು ವ್ಯತ್ಯಾಸ ದೊಡ್ಡದು. ಆದ್ದರಿಂದ ಗೂಟಗಳನ್ನು ಸರ್ವೆಯವರಿಂದ ಅಳೆಸಿ ನಕ್ಷೆಗೆ ಏರಿಸಲು ಹೇಳುತ್ತೇನೆ.

ಈ ಜಮೀನಿನಲ್ಲಿ ಜೌಗು ಗುಡ್ಡದ ಬುಡದುದ್ದಕ್ಕೂ ಒಂದು ಪಟ್ಟಿಯಾಗಿ ಬಂತು. ಮನೆಗೆ ಹಾಕಿದ ಗುರುತು ಸರಿಯಾಗಿ ಅದರ ಮೇಲಿತ್ತು. ಮಾಲೀಕರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಮಣ್ಣು ತುಂಬಿಸಿಬಿಟ್ಟರೆ?" ಅಂದರು. ಬೇಡ ಅಂತ ಬಲವಾಗಿಯೇ ಹೇಳಿದೆ. ಮಣ್ಣು ತುಂಬಿದರೆ ಒರತೆ ನಿಲ್ಲುವುದಿಲ್ಲ, ಪಾಯದ ಕೆಳಗೆ ದಾರಿ ಹುಡುಕುತ್ತದೆ. ಆ ಪಟ್ಟಿ ಮಳೆನೀರನ್ನು ತಡೆದು ನಿಧಾನವಾಗಿ ಹಳ್ಳಕ್ಕೆ ಬಿಡುತ್ತಿದೆ, ಹೂಳನ್ನೂ ಹಿಡಿದಿಡುತ್ತಿದೆ. ಅದನ್ನು ಮುಚ್ಚಿದರೆ ಕೆಳಗಿನ ಜಮೀನಿನವರಿಗೆ ಪ್ರವಾಹ ಬೇಗ ಬರುತ್ತದೆ, ಬೇಸಿಗೆಯಲ್ಲಿ ಹಳ್ಳ ಬೇಗ ಬತ್ತುತ್ತದೆ. ಹಳ್ಳದ ದಂಡೆ ಒಣಗಿದ್ದರೂ ತುಂಬಿ ಹರಿಯುವಾಗ ಮುಳುಗುತ್ತದೆ, ಹಾಗಾಗಿ ಅದೂ ಮನೆಗೆ ಆಗದು. ಒರತೆಯ ಸಾಲಿಗಿಂತ ಮೇಲೆ, ಇಳಿಜಾರಿನಲ್ಲಿ ಒಂದು ಮೆಟ್ಟಿಲಿನಂಥ ಜಾಗವಿತ್ತು. ಅಲ್ಲಿ ಅಗೆದಾಗ ಗುಂಡಿಯ ತಳದವರೆಗೂ ಮಣ್ಣು ಒಂದೇ ಬಣ್ಣದ ಕಂದು, ಚುಕ್ಕೆಯಿಲ್ಲ. ಮನೆಗೆ ಅದನ್ನೇ ತೋರಿಸಿದೆ. ಬುಡದುದ್ದಕ್ಕೂ ಹಾಕಬೇಕೆಂದಿದ್ದ ದಾರಿಯನ್ನೂ ಕೈಬಿಡಲು ಹೇಳಿದೆ. ಏರಿಸಿದ ದಾರಿ ಒಡ್ಡಿನಂತೆ ನೀರನ್ನು ತಡೆದು ಮೇಲಿನ ಜಾಗವನ್ನೂ ಒದ್ದೆ ಮಾಡುತ್ತದೆ.

ವರದಿಯಲ್ಲಿ ಪ್ರತಿ ಗುಂಡಿಯ ಫೋಟೋ, ಅಳತೆ ಪಟ್ಟಿಯ ಸಮೇತ, ಹಾಕುತ್ತೇನೆ. ಖಚಿತವಾದ ಎಲ್ಲೆಗೆ ಒಂದು ಬಣ್ಣ, ಇನ್ನೊಂದು ಕಾಲದಲ್ಲಿ ಬಂದು ನೋಡಬೇಕಾದ ಎಲ್ಲೆಗೆ ಬೇರೆ ಬಣ್ಣ. ಇಲ್ಲಿ ಉತ್ತರದ ಮೂಲೆ ಎರಡನೆಯ ಬಗೆಯದು. ಅಲ್ಲಿ ಮಣ್ಣು ಹೌದು ಅನ್ನುತ್ತಿದೆ, ಗಿಡ ಅನುಮಾನ, ನೀರಿನ ಗುರುತು ಸಿಕ್ಕಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಮತ್ತೊಮ್ಮೆ ಗುಂಡಿ ತೆಗೆಯುತ್ತೇನೆ. ಅಲ್ಲಿಯವರೆಗೆ ಆ ಮೂಲೆಗೆ ಜೆಸಿಬಿ ಇಳಿಸಬೇಡಿ ಅಂತ ಬರೆದುಕೊಟ್ಟಿದ್ದೇನೆ.