ನಮ್ಮೂರಿನ ಬಾಟಲಿ ಅಡ್ಡ ಬಿದ್ದದ್ದು ಹೇಗೆ

ನಮ್ಮೂರು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕಿನ ಪೂರ್ವ ದಿಕ್ಕಿಗಿದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಸ್ವಲ್ಪ ದೂರ ಹೋದರೆ ವಿಜಯಪುರ ಜಿಲ್ಲೆಯ ಹೊಲಗಳು ಶುರುವಾಗುತ್ತವೆ. ಮಳೆ ನೆಚ್ಚಿಕೊಳ್ಳುವ ಹಾಗಿಲ್ಲ. ಅದಕ್ಕೇ ದಸರಾ ಮುಗಿಯುತ್ತಿದ್ದಂತೆ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ ಹೆಂಡತಿ ಇಬ್ಬರೂ ಟೋಳಿ (ಕೂಲಿಯವರ ತಂಡ) ಕಟ್ಟಿಕೊಂಡು ಕಬ್ಬು ಕಡಿಯೋಕೆ ಹೋಗುತ್ತಾರೆ.

ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಒಂದು ದೇಶಿ ದಾರು (ದೇಶಿ ಮದ್ಯ) ಅಂಗಡಿ ಇತ್ತು. ಲೈಸೆನ್ಸ್ ಇದ್ದ ಅಂಗಡಿ. ನಾನು ನಮ್ಮ ಬಚತ ಗಟದ, ಅಂದರೆ ಉಳಿತಾಯ ಗುಂಪಿನ, ಲೆಕ್ಕ ಬರೆಯುವವಳು. ಒಂದು ವರ್ಷ, ಹಫ್ತೆ (ಕಂತು) ತಪ್ಪಿಸಿದವರ ಹೆಸರು ನೋಡುತ್ತಾ ಕೂತಿದ್ದೆ. ಹನ್ನೊಂದು ಜನ. ಒಬ್ಬೊಬ್ಬರ ಮನೆಗೂ ಹೋಗಿ ಕೇಳಿದೆ. ಒಂಬತ್ತು ಮನೆಯಲ್ಲಿ ಒಂದೇ ಉತ್ತರ: ಕಬ್ಬಿಗೆ ಕರೆದೊಯ್ಯುವ ಮುಕಾದಮ ಮುಂಗಡವಾಗಿ ಕೊಟ್ಟ ಉಚಲಿನ ದುಡ್ಡು ಟೋಳಿ ಹೊರಡುವ ಮೊದಲೇ ಆ ಅಂಗಡಿಗೆ ಹೋಗಿತ್ತು. ದುಡಿಮೆ ಇನ್ನೂ ಶುರುವೇ ಆಗಿಲ್ಲ, ಕೂಲಿ ಮಾತ್ರ ಖಾಲಿ. ಆರು ತಿಂಗಳು ಆ ಸಾಲ ತೀರಿಸೋಕೆ ಹೆಂಡತಿಯೂ ಕಬ್ಬಿನ ಗದ್ದೆಯಲ್ಲಿ ಬಗ್ಗಬೇಕು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂಗಡಿಯನ್ನು ಓಟು ಹಾಕಿ ಮುಚ್ಚಿಸಬಹುದು ಅಂತ ಗೊತ್ತಾದದ್ದು ಒಂದು ತರಬೇತಿಯಲ್ಲಿ. ಸಾತಾರಾ ಕಡೆಯ ಒಬ್ಬ ಆಶಾ ಕಾರ್ಯಕರ್ತೆ ಊಟಕ್ಕೆ ಪಕ್ಕದಲ್ಲಿ ಕೂತಿದ್ದರು. ಅವರೇ ಹೇಳಿದರು. ಮಹಾರಾಷ್ಟ್ರ ಸರ್ಕಾರ 2008ರಲ್ಲಿ ಹೊರಡಿಸಿದ ಆದೇಶ ಇದೆ. ಊರಿನ ಹೆಣ್ಣು ಮತದಾರರಲ್ಲಿ ಶೇ. 25ರಷ್ಟು ಜನ ಸಹಿ ಮಾಡಿ ಅರ್ಜಿ ಕೊಡಬೇಕು. ಅಧಿಕಾರಿಗಳು ಬಂದು ಸಹಿ ಪರಿಶೀಲಿಸುತ್ತಾರೆ. ಸರಿಯಿದ್ದರೆ ಗುಪ್ತ ಮತದಾನ ಇಡುತ್ತಾರೆ. ಮತಪತ್ರದಲ್ಲಿ ಎರಡೇ ಚಿತ್ರ: ಒಂದು ನಿಂತ ಬಾಟಲಿ, ಒಂದು ಅಡ್ಡ ಮಲಗಿದ ಬಾಟಲಿ. ಅಂಗಡಿ ಇರಲಿ ಅನ್ನುವವರು ನಿಂತ ಬಾಟಲಿಗೆ ಶಿಕ್ಕೆ (ಮುದ್ರೆ) ಹೊಡೆಯಬೇಕು, ಬೇಡ ಅನ್ನುವವರು ಅಡ್ಡ ಬಾಟಲಿಗೆ. ಮರಾಠಿಯಲ್ಲಿ ಇದಕ್ಕೆ 'ಉಭಿ ಬಾಟಲಿ, ಆಡವಿ ಬಾಟಲಿ' ಅನ್ನುತ್ತಾರೆ. ಆಡವಿಗೂ ನಮ್ಮ ಅಡ್ಡಕ್ಕೂ ಹೆಚ್ಚು ದೂರ ಇಲ್ಲ. ಹಾಗಾಗಿ ಊರಲ್ಲಿ ಎಲ್ಲರ ಬಾಯಲ್ಲೂ 'ಅಡ್ಡ ಬಾಟ್ಲಿ' ಅಂತಲೇ ನಿಂತಿತು.

ಈ ಆದೇಶದಲ್ಲಿ ಒಂದು ಮಾತಿದೆ. ಅದರ ತೂಕ ನನಗೆ ಮೊದಲು ತಿಳಿದಿರಲಿಲ್ಲ. ಅಡ್ಡ ಬಾಟಲಿ ಗೆಲ್ಲಬೇಕಾದರೆ ಓಟು ಹಾಕಿದವರಲ್ಲಿ ಅರ್ಧ ಬಂದರೆ ಸಾಲದು. ಪಟ್ಟಿಯಲ್ಲಿರುವ ಎಲ್ಲ ಹೆಣ್ಣು ಮತದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಬೇಕು. ಅಂದರೆ ಮನೆಯಲ್ಲೇ ಉಳಿದವಳು, ಬೇರೆ ಊರಿಗೆ ಹೋದವಳು, ಸತ್ತಿದ್ದರೂ ಪಟ್ಟಿಯಲ್ಲಿ ಹೆಸರಿರುವವಳು, ಎಲ್ಲರೂ ಅಂಗಡಿಯ ಕಡೆಗೇ ಲೆಕ್ಕ.

ಮೊದಲ ಸಲ ನಾವು ಹತ್ತು ಜನ ಸೇರಿದ್ದೆವು. ಊರಲ್ಲಿ ಸಭೆ ಮಾಡಿದರೆ ಸಂಜೆಯೊಳಗೆ ಸುದ್ದಿ ಅಂಗಡಿ ಮುಟ್ಟುತ್ತದೆ. ಅದಕ್ಕೆ ಅಮಾವಾಸ್ಯೆಗೆ ಜೀಪು ಮಾಡಿಕೊಂಡು ಗುಡ್ಡಾಪುರಕ್ಕೆ ಹೋದೆವು. ದಾನಮ್ಮ ದೇವಿಯ ದರ್ಶನಕ್ಕೆ ಹೆಣ್ಣುಮಕ್ಕಳು ಹೊರಟರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ದರ್ಶನ ಮುಗಿಸಿ ಗುಡಿಯ ಹೊರಗೆ ನೆರಳಲ್ಲಿ ಕೂತು ಯಾವ ಓಣಿ ಯಾರಿಗೆ ಅಂತ ಹಂಚಿಕೊಂಡೆವು. ನಮ್ಮ ತಾಯಿಯ ಮುಂದೆ ಕೂತು ಮಾಡಿದ ಮಾತು, ತಪ್ಪಬಾರದು ಅಂತ ಎಲ್ಲರಿಗೂ ಅನಿಸಿತ್ತು.

ಸಹಿ ಸಂಗ್ರಹಿಸಿದ್ದು ಮಧ್ಯಾಹ್ನ, ಗಂಡಸರು ಹೊಲದಲ್ಲಿರುವ ಹೊತ್ತಲ್ಲಿ. ಪಟ್ಟಿಯಲ್ಲಿ 1,140 ಹೆಣ್ಣುಮಕ್ಕಳು. ಶೇ. 25 ಅಂದರೆ 285 ಸಹಿ. ಹನ್ನೆರಡು ದಿನದಲ್ಲಿ 330 ಆಯಿತು. ಸಹಿ ಮಾಡುವಾಗ ಎಷ್ಟೋ ಜನ ಕೇಳಿದ್ದು ಒಂದೇ ಮಾತು: "ಅಕ್ಕಾ, ಇದು ನಮ್ಮನಿಯವ್ರಿಗೆ ಗೊತ್ತಾಗ್ತದೇನ್ರಿ?" ಅರ್ಜಿಯ ಮೇಲಿನ ಸಹಿ ಬಚ್ಚಿಡೋಕೆ ಆಗಲ್ಲ, ಅದನ್ನು ಇದ್ದ ಹಾಗೇ ಹೇಳಿದೆ. ಓಟು ಮಾತ್ರ ಯಾರಿಗೂ ಗೊತ್ತಾಗಲ್ಲ ಅಂತಲೂ ಹೇಳಿದೆ. ಕೆಲವರು ಹಿಂದೆ ಸರಿದರು. ಅವರ ಮೇಲೆ ನನಗೆ ಬೇಸರ ಇಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ ಒಳಗೆ ಏನಾಗುತ್ತದೆ ಅನ್ನೋದು ಅವರಿಗೇ ಗೊತ್ತು, ಅಲ್ವಾ?

ಪರಿಶೀಲನೆಯ ದಿನ ನಮಗೆ ಹೆಸರಿನ ತೊಡಕು ಎದುರಾಯಿತು. ಮತದಾರರ ಪಟ್ಟಿ ಮರಾಠಿಯಲ್ಲಿದೆ. ಅದರಲ್ಲಿ ಶಾಂತಾಬಾಯಿ ಅಂತ ಇದ್ದರೆ ಮನೆಯಲ್ಲಿ, ಓಣಿಯಲ್ಲಿ ಅವಳು ಶಾಂತವ್ವ. ನಾವು ಅರ್ಜಿಯಲ್ಲಿ ಬರೆದದ್ದೂ ಶಾಂತವ್ವ. ಇಂಥ ಮೂವತ್ತಕ್ಕೂ ಹೆಚ್ಚು ಹೆಸರು ಪಕ್ಕಕ್ಕೆ ಹೋದವು. ಇನ್ನು ಕೆಲವರು ಅರ್ಜಿಯಲ್ಲಿ ಕಷ್ಟಪಟ್ಟು ಸಹಿ ಹಾಕಿ, ಅಧಿಕಾರಿಯ ಮುಂದೆ ಕೈ ನಡುಗಿ ಹೆಬ್ಬೆಟ್ಟು ಒತ್ತಿದರು. ಅವೂ ಹೋದವು. ಕೊನೆಗೆ ಉಳಿದದ್ದು 287. ಮೂರು ಕಡಿಮೆಯಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಈ ಕೆಲಸಕ್ಕೆ ಇಳಿಯುವವರು ಇದನ್ನು ಮೊದಲೇ ಮಾಡಿಕೊಳ್ಳಿ. ಅರ್ಜಿಗೆ ಕೈ ಹಾಕುವ ಮುಂಚೆ ಮತದಾರರ ಪಟ್ಟಿ ತನ್ನಿ. ಪ್ರತಿ ಸಹಿಯ ಮುಂದೆ ಪಟ್ಟಿಯಲ್ಲಿ ಇರುವ ಹೆಸರನ್ನೇ ಬರೆಯಿರಿ, ಅನುಕ್ರಮ ಸಂಖ್ಯೆ ಬರೆಯಿರಿ, ಮತದಾರರ ಚೀಟಿಯ ನಂಬರ್ ಬರೆಯಿರಿ. ಹೆಬ್ಬೆಟ್ಟು ಒತ್ತುವವರು ಎರಡೂ ಸಲ ಹೆಬ್ಬೆಟ್ಟೇ ಒತ್ತಲಿ. ಬೇಕಾದ್ದಕ್ಕಿಂತ ಅರ್ಧದಷ್ಟಾದರೂ ಜಾಸ್ತಿ ಸಹಿ ಇಟ್ಟುಕೊಳ್ಳಿ.

ಮತದಾನದ ದಿನ ಗೊತ್ತಾಗುವಷ್ಟರಲ್ಲಿ ದೀಪಾವಳಿ ಮುಗಿದಿತ್ತು. ಟೋಳಿಗಳು ಹೋಗಿದ್ದವು. ಬಂದು ಓಟು ಹಾಕಿ ಅಂತ ಫೋನ್ ಮಾಡಿದೆವು. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಹಾಕಿಕೊಂಡು, ಮುಕಾದಮನ ಬೈಗುಳ ತಿಂದು ಯಾರು ಬರೋಕೆ ಆಗುತ್ತದೆ? ಬಂದವರು ಆರು ಜನ. ಆ ಆರು ಜನರ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು ಅನಿಸಿತು.

ಸಂಜೆ ಎಣಿಕೆ ಆಯಿತು. ಬಿದ್ದ ಓಟು 498. ಅಡ್ಡ ಬಾಟಲಿಗೆ 461, ನಿಂತ ಬಾಟಲಿಗೆ 29, ಕುಲಗೆಟ್ಟದ್ದು 8. ಬೇಕಿದ್ದದ್ದು 571. ಓಟು ಹಾಕಿದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಅಂಗಡಿ ಬೇಡ ಅಂದರೂ ಅಂಗಡಿ ಉಳಿಯಿತು. ಹೊರಗೆ ಪಟಾಕಿ ಹೊಡೆದರು. ಶಾಲೆಯ ಕಟ್ಟೆ ಮೇಲೆ ಕೂತು ನಾವು ಅತ್ತೆವು.

ಮರುವಾರ ನಾನು ಪಟ್ಟಿ ತೆಗೆದು ಕೆಂಪು ಪೆನ್ನು ಹಿಡಿದು ಕೂತೆ. ಓಟಿಗೆ ಬರದವರು 642. ಒಬ್ಬೊಬ್ಬರನ್ನೇ ಗುರುತು ಹಾಕಿದೆ. ಸುಮಾರು 180 ಜನ ಕಬ್ಬಿಗೆ ಹೋದವರು. ನೂರಕ್ಕೂ ಹೆಚ್ಚು ಹೆಸರು ಸತ್ತವರದ್ದು, ಇಲ್ಲ ಮದುವೆಯಾಗಿ ಇಂಡಿ, ಅಥಣಿ, ಮಂಗಳವೇಢೆ ಕಡೆ ಹೋದ ಹೆಣ್ಣುಮಕ್ಕಳದ್ದು. ನಮ್ಮ ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಅವರ ಹೆಸರೂ ಅದರಲ್ಲಿತ್ತು. ದಾರು ಅಂದರೆ ಉರಿದು ಬೀಳುತ್ತಿದ್ದ ಮನುಷ್ಯರು. ಅವರ ಹೆಸರು ಅಂಗಡಿ ಉಳಿಸಿತು ಅಂತ ಯೋಚಿಸಿ ನನಗೆ ತುಂಬಾ ನೋವಾಯಿತು. ಮೊದಲು ಅಳಿಸಿದ ಹೆಸರು ಅವರದ್ದೇ.

ಮುಂದಿನ ಒಂದೂವರೆ ವರ್ಷ ನಾವು ಘೋಷಣೆ ಕೂಗಲಿಲ್ಲ, ಮೆರವಣಿಗೆ ಮಾಡಲಿಲ್ಲ. ಪಟ್ಟಿ ಸರಿ ಮಾಡಿದೆವು, ಅಷ್ಟೇ. ಸತ್ತವರ ಮತ್ತು ಊರು ಬಿಟ್ಟವರ ಹೆಸರು ತೆಗೆಸೋಕೆ ನಮೂನೆ 7. ಹೊಸದಾಗಿ ಹೆಸರು ಸೇರಿಸೋಕೆ ನಮೂನೆ 6. ಮರಣ ದಾಖಲೆಗಾಗಿ ಮನೆ ಮನೆ ತಿರುಗಿದೆವು. ಕೆಲವರಿಗೆ ಸಿಟ್ಟು ಬಂತು, "ಸತ್ತವ್ರ ಹೆಸರು ತಗದು ನಿಮಗೇನು ಸಿಗೂದೈತಿ?" ಅಂದರು. ಕೂತು ವಿವರಿಸಿದ ಮೇಲೆ ಬಹಳ ಜನ ಒಪ್ಪಿದರು. ಒಬ್ಬ ಅಜ್ಜ ತನ್ನ ಮಗಳ ಮರಣ ಪತ್ರ ತಾನೇ ಹುಡುಕಿ ತಂದುಕೊಟ್ಟ. ಅಳಿಯನ ಕುಡಿತದಿಂದ ಮಗಳನ್ನು ಕಳೆದುಕೊಂಡವನು. ಒಟ್ಟು 112 ಹೆಸರು ಹೋದವು, 34 ಹೊಸ ಹೆಸರು ಬಂದವು. ಪಟ್ಟಿ 1,062ಕ್ಕೆ ನಿಂತಿತು. ಈಗ ಗೆಲ್ಲೋಕೆ 532 ಸಾಕು.

ಎರಡನೇದು, ಕಾಲ. ಟೋಳಿಗಳು ಯುಗಾದಿ ಹೊತ್ತಿಗೆ ವಾಪಸ್ ಬರುತ್ತವೆ. ಅರ್ಜಿ ಕೊಟ್ಟ ದಿನದಿಂದ ಮತದಾನದವರೆಗೆ ಎಷ್ಟು ತಿಂಗಳು ಹಿಡಿಯಿತು ಅಂತ ಮೊದಲ ಸಲ ಬರೆದಿಟ್ಟಿದ್ದೆ. ಅದನ್ನು ಹಿಂದಕ್ಕೆ ಎಣಿಸಿ ಅರ್ಜಿ ಕೊಟ್ಟೆವು. 412 ಸಹಿ, ಪರಿಶೀಲನೆಯಲ್ಲಿ ನಿಂತದ್ದು 390. ಮತದಾನ ಮೇ ತಿಂಗಳಲ್ಲಿ ಬಂತು. ಸುಡುವ ಬಿಸಿಲು, ಆದರೆ ಎಲ್ಲರೂ ಊರಲ್ಲಿದ್ದರು.

ಪ್ರಚಾರ ಅಂದರೆ ನಮಗೆ ಮೈಕು, ಬ್ಯಾನರ್ ಅಲ್ಲ. ರಟ್ಟಿನ ಮೇಲೆ ಎರಡು ಬಾಟಲಿಯ ಚಿತ್ರ ಬರೆದು, ಒಂದು ರಬ್ಬರ್ ಶಿಕ್ಕೆ ಇಟ್ಟುಕೊಂಡು ಮನೆಗಳಿಗೆ ಹೋದೆವು. ವಯಸ್ಸಾದವರ ಕೈಯಲ್ಲಿ ಹೊಡೆಸಿ ತೋರಿಸಿದೆವು. ಮೊದಲ ಸಲದ ಕುಲಗೆಟ್ಟ ಓಟುಗಳಲ್ಲಿ ಕೆಲವು ಎರಡೂ ಚಿತ್ರದ ನಡುವೆ ಬಿದ್ದಿದ್ದವು. ಕೆಲವು ಅಜ್ಜಿಯರು 'ಬಾಟಲಿ ಅಂದರೇ ಬೇಡ' ಅಂತ ಎರಡಕ್ಕೂ ಹೊಡೆದಿದ್ದರಂತೆ! ರೊಟ್ಟಿ ಬಡಿಯುವಾಗ, ನೀರಿನ ಟ್ಯಾಂಕರ್ ಹತ್ತಿರ ಪಾಳಿಯಲ್ಲಿ ನಿಂತಾಗ, ಅಲ್ಲೇ ಮಾತು. ದೊಡ್ಡ ಭಾಷಣಕ್ಕಿಂತ ಟ್ಯಾಂಕರ್ ಪಾಳಿಯಲ್ಲಿ ಜಾಸ್ತಿ ಕೆಲಸ ಆಯಿತು ಅನ್ನೋದು ನನ್ನ ಅನುಭವ.

ಆ ಕಡೆಯವರೂ ಸುಮ್ನೆ ಕೂರಲಿಲ್ಲ. ಸೀರೆ ಹಂಚಿದರು. ಓಟು ಹಾಕಿದರೆ ರೇಷನ್ ಕಾರ್ಡ್ ರದ್ದಾಗುತ್ತದೆ ಅಂತ ಸುದ್ದಿ ಹಬ್ಬಿಸಿದರು. ಅವರು ನಿಂತ ಬಾಟಲಿಗೆ ಓಟು ಕೇಳಲೇ ಇಲ್ಲ. ಮನೆಯಲ್ಲೇ ಇರಿ ಅಂತ ಕೇಳಿಕೊಂಡರು. ಲೆಕ್ಕ ಅವರಿಗೂ ಗೊತ್ತಿತ್ತು. ಮತದಾನದ ದಿನವೇ ಪಕ್ಕದ ಊರಲ್ಲಿ ದೇವರ ಕಾರ್ಯ ಇಟ್ಟು, ಊಟಕ್ಕೆ ಕರೆದು, ಟ್ರ್ಯಾಕ್ಟರ್ ನಿಲ್ಲಿಸಿದರು. ನಾವು ಮನೆ ಮನೆಗೆ ಹೋಗಿ, "ವೈನಿ, ಮೊದಲ ಓಟ ಹಾಕ್ರಿ, ಆಮ್ಯಾಲ ಊಟಕ್ಕ ಹೋಗ್ರಿ, ಯಾರು ಬ್ಯಾಡ ಅಂತಾರ?" ಅಂದೆವು. ಬಹಳ ಜನ ಹಾಗೇ ಮಾಡಿದರು.

ಹತ್ತು ಮನೆಗೆ ಒಬ್ಬಳು ಅಂತ ಜವಾಬ್ದಾರಿ ಹಂಚಿದ್ದೆವು. ಯಾರು ಬಂದರು ಅಂತ ಪಟ್ಟಿಯಲ್ಲಿ ಗುರುತು ಹಾಕೋದು, ಬರದವರ ಮನೆಗೆ ಹೋಗೋದು. ಮಧ್ಯಾಹ್ನ ಎರಡಕ್ಕೆ ಲೆಕ್ಕ ನೋಡಿದರೆ 390. ಎದೆ ಡವಗುಟ್ಟಿತು. ಹೊರಗೆ ಬಿಸಿಲು ನೋಡಿದರೆ ಯಾರೂ ಹೊರಡುವ ಹಾಗಿರಲಿಲ್ಲ. ನಾಲ್ಕು ಗಂಟೆ ಹೊತ್ತಿಗೆ ದಲಿತ ಓಣಿಯಿಂದ ಅರವತ್ತು ಎಪ್ಪತ್ತು ಹೆಣ್ಣುಮಕ್ಕಳು ಒಟ್ಟಿಗೆ ನಡೆದು ಬಂದರು. ಕೆಲವರು ಕೈಗೂಸು ಎತ್ತಿಕೊಂಡಿದ್ದರು. ಅವರನ್ನು ನೋಡಿ ಉಳಿದ ಓಣಿಯವರೂ ಎದ್ದರು. ಆ ದಿನ ಊರಿನ ಮಾನ ಉಳಿಸಿದವರು ಅವರು. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಬಿದ್ದ ಓಟು 640. ಅಡ್ಡ ಬಾಟಲಿ 588, ನಿಂತ ಬಾಟಲಿ 41, ಕುಲಗೆಟ್ಟದ್ದು 11. ಅಧಿಕಾರಿ ಓದಿ ಹೇಳಿದಾಗ ಮೊದಲು ಯಾರಿಗೂ ಕೂಗೋಕೆ ಬರಲಿಲ್ಲ. ಅಜ್ಜಿಯೊಬ್ಬರು ಭಂಡಾರ ತಂದು ಎಲ್ಲರ ಹಣೆಗೆ ಹಚ್ಚಿದರು.

ಅಂಗಡಿಗೆ ಬೀಗ ಬಿತ್ತು. ಕುಡಿತ ಪೂರ್ತಿ ನಿಂತಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಬೈಕಿನ ಮೇಲೆ ಚೀಲದಲ್ಲಿ ತಂದು ಮಾರುವವರು ಹುಟ್ಟಿಕೊಂಡರು. ಗ್ರಾಮಸಭೆಯಲ್ಲಿ ಕೂತು, ಇಂಥ ಕಳ್ಳ ಮಾರಾಟದ ಮೇಲೆ ಕಣ್ಣಿಡೋಕೆ ಗ್ರಾಮ ರಕ್ಷಕ ದಳ ಬೇಕು ಅಂತ ಹಟ ಹಿಡಿದೆವು. ಅದರ ಕೆಲಸ ಇವತ್ತಿಗೂ ನಡೆದಿದೆ, ಒಮ್ಮೆ ಜೋರಾಗಿ, ಒಮ್ಮೆ ಮಂದವಾಗಿ. ಆದರೆ ಹೆಣ್ಣುಮಕ್ಕಳು ಸಂಜೆ ಬಸ್ ಇಳಿದು ತಲೆ ತಗ್ಗಿಸದೆ ಮನೆಗೆ ಬರುತ್ತಾರೆ. ನನ್ನ ಲೆಕ್ಕದ ಪುಸ್ತಕದಲ್ಲಿ ಹಫ್ತೆ ತಪ್ಪಿಸಿದವರು ಕಳೆದ ವರ್ಷ ಮೂವರು.

ನನ್ನ ತಂಗಿಯನ್ನು ಇಂಡಿ ತಾಲೂಕಿಗೆ ಕೊಟ್ಟಿದೆ. ಸುದ್ದಿ ಕೇಳಿ ಅವಳು ಫೋನ್ ಮಾಡಿ, "ಅಕ್ಕಾ, ನಮ್ಮ ಕಡೆ ಹಿಂಗ ಓಟ ಹಾಕಾಕ ಬರ್ತದೇನ?" ಅಂತ ಕೇಳಿದಳು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿದೆ, ಆದರೆ ಬಾಕಿ ಮದ್ಯದಂಗಡಿ ಬೇಕೋ ಬೇಡವೋ ಅಂತ ಊರಿನ ಹೆಣ್ಣುಮಕ್ಕಳನ್ನು ಹೀಗೆ ಓಟಿನಲ್ಲಿ ಕೇಳುವ ಪದ್ಧತಿ ಅಲ್ಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕು ಅಂತ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. ಅಷ್ಟು ದೂರ ನಡೆದ ಕಾಲುಗಳಿಗೆ ಇಂಥ ಒಂದು ಮತಪತ್ರ ಸಿಕ್ಕಿದ್ದರೆ ಅನಿಸುತ್ತದೆ. ಇಡೀ ಜಿಲ್ಲೆಯ ನಿಷೇಧಕ್ಕಿಂತ ನನಗೆ ಊರಿನ ಓಟೇ ಮೇಲು ಅನಿಸೋದು. ನಮ್ಮ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ 2015ರಲ್ಲಿ ಸರ್ಕಾರ ದಾರು ಬಂದ್ ಮಾಡಿತು, 2021ರಲ್ಲಿ ಸರ್ಕಾರವೇ ತೆಗೆಯಿತು. ನಮ್ಮೂರಲ್ಲಿ ಪ್ರತಿ ಮನೆಯ ಹೆಂಗಸಿಗೂ ತಾನೇ ಬೀಗ ಹಾಕಿದ್ದು ಅಂತ ಗೊತ್ತು.

ಮೊನ್ನೆ ಪಕ್ಕದ ಊರಿಂದ ಮೂವರು ಹೆಣ್ಣುಮಕ್ಕಳು ಬಂದಿದ್ದರು. ಅರ್ಜಿ ಹೇಗೆ ಬರೆಯಬೇಕು ತೋರಿಸಿ ಅಂತ ಕಾಗದ, ಪೆನ್ನು ಹಿಡಿದುಕೊಂಡೇ ಬಂದಿದ್ದರು. ಚಹಾ ಕೊಟ್ಟು, ಮೊದಲು ಒಂದು ಮಾತು ಕೇಳಿದೆ: "ನಿಮ್ಮೂರ ಟೋಳಿ ಯಾವಾಗ ವಾಪಸ್ ಬರ್ತಾವ?" ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಒಳಗಿನಿಂದ ಕೆಂಪು ಪೆನ್ನು ತಂದೆ.