ಪೆಟ್ಟು ಬೀಳುವ ಜಾಗ

ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಗುಣವಾಚಕಗಳನ್ನು ಹಾಡಿನಂತೆ ಹೇಳಿಸಿದರೆ ಮಕ್ಕಳ ನಾಲಗೆಗೆ ಹತ್ತೀತು ಎಂದು ಒಂದು ವರ್ಷ ಜೂನ್ ತಿಂಗಳಲ್ಲಿ ನನಗೆ ಹುಮ್ಮಸ್ಸು ಬಂತು. ಒಂದೇ ಪ್ರತ್ಯಯದಲ್ಲಿ ಮುಗಿಯುವ ಪದಗಳಿಗೆ ಪ್ರಾಸ ತಾನಾಗಿಯೇ ಇರುತ್ತದೆ, ಇನ್ನೇನು ಬೇಕು? ಹೊರಗೆ ಮಳೆ ಹೊಯ್ಯುತ್ತಿದ್ದ ಒಂದು ಭಾನುವಾರವಿಡೀ ಕುಳಿತು, ‘ಅಸ್’ ಎಂದು ಮುಗಿಯುವ ನಲವತ್ತು ಪದಗಳನ್ನು ಡ್ರಾಯಿಂಗ್ ಹಾಳೆಯ ಮೇಲೆ ಬರೆದೆ: ಫೇಮಸ್, ಡೇಂಜರಸ್, ಜೆನರಸ್, ನರ್ವಸ್, ಎನಾರ್ಮಸ್, ಹೀಗೆ.

ಸೋಮವಾರ ಎಂಟನೆಯ ತರಗತಿಯಲ್ಲಿ ಮೂರನೆಯ ಪದಕ್ಕೇ ಹಾಡು ಕುಂಟಿತು. ಮಕ್ಕಳು ಪ್ರತಿ ಪದದ ಕೊನೆಯ ‘ಅಸ್’ ಅನ್ನು ಜೋರಾಗಿ ಎಳೆದರು. ಹಾವು ಬುಸುಗುಟ್ಟಿದಂತೆ ಕೇಳಿಸಿತೇ ಹೊರತು ಪ್ರಾಸದ ಸುಖ ಸಿಗಲಿಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಬೆರಳಿನಿಂದ ಮೇಜು ಕುಟ್ಟುತ್ತಿದ್ದ. ಯಕ್ಷಗಾನದ ಚೆಂಡೆ ಕಲಿಯುತ್ತಿದ್ದವನು ಅವನು. ಗದರಿಸಲೆಂದು ಹತ್ತಿರ ಹೋದರೆ ಅವನೇ ಹೇಳಿದ: “ಟೀಚರ್, ಬಾಲ ಎಲ್ಲದಕ್ಕೂ ಒಂದೇ. ಆದರೆ ಪೆಟ್ಟು ಬಾಲಕ್ಕೆ ಬೀಳುವುದೇ ಇಲ್ಲ.”

ಆ ಮಾತು ಮನೆಯವರೆಗೂ ಹಿಂಬಾಲಿಸಿತು. ರಾತ್ರಿ ಊಟ ಮುಗಿಸಿ ನಿಘಂಟು ತೆಗೆದೆ. ಉಚ್ಚಾರಣೆ ತೋರಿಸುವಲ್ಲಿ ಕೆಲವು ಅಕ್ಷರಗಳ ಮುಂದೆ, ಮೇಲ್ಗಡೆ, ಒಂದು ಪುಟ್ಟ ನೆಟ್ಟ ಗೆರೆ ಇರುತ್ತದೆ. ಇಷ್ಟು ವರ್ಷ ಅದನ್ನು ಅಚ್ಚಿನ ಕಸವೆಂಬಂತೆ ದಾಟಿ ಹೋಗಿದ್ದೆ. ಪದವನ್ನು ಒತ್ತಿ ಹೇಳಬೇಕಾದದ್ದು ಎಲ್ಲಿ ಎಂದು ತೋರಿಸುವ ಗುರುತು ಅದು. ಇಂಗ್ಲಿಷಿನಲ್ಲಿ ಪೂರ್ಣ ಪ್ರಾಸವೆಂದರೆ ಆ ಒತ್ತು ಬಿದ್ದ ಸ್ವರದಿಂದ ಹಿಡಿದು ಪದದ ಕೊನೆಯವರೆಗೆ ಎಲ್ಲವೂ ಒಂದೇ ಆಗಿ ಕೇಳಿಸಬೇಕು, ಅದರ ಹಿಂದಿನ ವ್ಯಂಜನ ಮಾತ್ರ ಬೇರೆಯಾಗಿರಬೇಕು. ‘ಫೇಮಸ್’ನಲ್ಲಿ ಒತ್ತು ‘ಫೇ’ಗೆ, ‘ನರ್ವಸ್’ನಲ್ಲಿ ‘ನರ್’ಗೆ, ‘ಎನಾರ್ಮಸ್’ನಲ್ಲಿ ‘ನಾರ್’ಗೆ. ಕೊನೆಯ ‘ಅಸ್’ ಬರೀ ಉಸಿರು. ನಾನು ಅದನ್ನೇ ಪ್ರಾಸವೆಂದು ನಂಬಿ ನಲವತ್ತು ಪದಗಳನ್ನು ಒಂದೇ ಹಗ್ಗಕ್ಕೆ ಕಟ್ಟಿದ್ದೆ.

ನಮ್ಮ ಕಿವಿಗೆ ಇದು ಹೊಸದಾಗಬೇಕಿರಲಿಲ್ಲ. ಹಳೆಯ ಕನ್ನಡ ಕಾವ್ಯದಲ್ಲಿ ಪ್ರಾಸ ಹೆಚ್ಚಾಗಿ ಸಾಲಿನ ಕೊನೆಯಲ್ಲಿ ಕೂರುತ್ತಿರಲಿಲ್ಲ. ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕಿತ್ತು. ಆ ದ್ವಿತೀಯಾಕ್ಷರ ಪ್ರಾಸವನ್ನು 1911ರಲ್ಲಿ ಕೈಬಿಟ್ಟು ಬರೆದವರು ನಮ್ಮ ಕರಾವಳಿಯವರೇ ಆದ ಮಂಜೇಶ್ವರ ಗೋವಿಂದ ಪೈಗಳು. ಪ್ರತ್ಯಯಕ್ಕೆ ಪ್ರತ್ಯಯ ಸೇರಿಸಿದರೆ ಪ್ರಾಸವಾಗದು ಎಂಬುದಂತೂ ಕನ್ನಡದಲ್ಲಿ ಇನ್ನೂ ಸ್ಪಷ್ಟ. ‘ಸುಂದರವಾದ, ಎತ್ತರವಾದ, ಕಠಿಣವಾದ’ ಎಂದು ಸಾಲಾಗಿ ಬರೆದು ಪದ್ಯವೆಂದು ತಂದರೆ ನಾನೇ ಕೆಂಪು ಶಾಯಿ ಹಿಡಿಯುತ್ತೇನೆ. ಇಂಗ್ಲಿಷ್ ಎಂದ ಕೂಡಲೇ ಆ ಬುದ್ಧಿ ಎಲ್ಲಿಗೆ ಹೋಗಿತ್ತೋ.

ಮರುದಿನ ಹಳೆಯ ಹಾಳೆಯನ್ನು ಕತ್ತರಿಸಿ ನಲವತ್ತು ಚೀಟಿ ಮಾಡಿದೆ, ಇನ್ನಷ್ಟು ಪದ ಸೇರಿಸಿದೆ. ಮಕ್ಕಳು ಒಂದೊಂದು ಪದವನ್ನು ನಿಘಂಟಿನಲ್ಲಿ ಹುಡುಕಿ, ಗೆರೆ ಇರುವಲ್ಲಿ ಮೇಜಿಗೆ ಒಂದು ಪೆಟ್ಟು ಕೊಟ್ಟು ಹೇಳಬೇಕು. ಪೆಟ್ಟಿನಿಂದ ಮುಂದಕ್ಕೆ ಒಂದೇ ಆಗಿ ಕೇಳಿಸಿದರೆ ಒಂದೇ ಮನೆಗೆ ಸೇರಿಸಬೇಕು. ‘ಗ್ಲೋರಿಯಸ್, ವಿಕ್ಟೋರಿಯಸ್, ನೊಟೋರಿಯಸ್’ ಒಂದು ಮನೆ. ‘ಸೀರಿಯಸ್, ಮಿಸ್ಟೀರಿಯಸ್’ ಇನ್ನೊಂದು. ‘ಕ್ಯೂರಿಯಸ್, ಫ್ಯೂರಿಯಸ್’ ಇಬ್ಬರೇ ಇರುವ ಚಿಕ್ಕ ಸಂಸಾರ. ದೊಡ್ಡ ಕುಟುಂಬ ಯಾವುದೆಂದರೆ ‘ಡಿಲಿಷಸ್, ಸಸ್ಪಿಷಸ್, ವಿಷಸ್, ಆ್ಯಂಬಿಷಸ್, ನ್ಯೂಟ್ರಿಷಸ್’. ಇಲ್ಲಿ ಒಂದು ತಕರಾರು ಎದ್ದಿತು. ಮೊದಲ ಮೂರರಲ್ಲಿ ‘ಷ’ ಸದ್ದಿಗೆ ಸಿ-ಐ ಬರೆಯುತ್ತಾರೆ, ಕೊನೆಯ ಎರಡರಲ್ಲಿ ಟಿ-ಐ. ಕಣ್ಣಿಗೆ ಬೇರೆ ಕಂಡದ್ದು ಕಿವಿಗೆ ಒಂದೇ. ‘ನ್ಯೂಮರಸ್’ ಮತ್ತು ‘ಹ್ಯೂಮರಸ್’ ಕೂಡ ಹಾಗೆಯೇ: ಒಂದರ ನಡುವೆ ಇ, ಇನ್ನೊಂದರ ನಡುವೆ ಒ, ಸದ್ದಿನಲ್ಲಿ ವ್ಯತ್ಯಾಸವಿಲ್ಲ. ‘ಹ್ಯೂಮರ್’ ಬರೆಯುವಾಗ ಬ್ರಿಟಿಷ್ ಕಾಗುಣಿತದಲ್ಲಿರುವ ಯು ಅಕ್ಷರ ‘ಹ್ಯೂಮರಸ್’ ಆಗುವಾಗ ಬಿದ್ದುಹೋಗುತ್ತದೆ ಎಂಬುದನ್ನು ಮಕ್ಕಳು ಮರೆಯದೆ ಕಲಿತದ್ದು ಈ ಜೋಡಿಯಿಂದ.

‘ಇಕ್’ ಪ್ರತ್ಯಯಕ್ಕೆ ಬಂದಾಗ ನನಗೆ ನಿಜವಾದ ಖುಷಿ ಸಿಕ್ಕಿತು. ಅದು ಸುಮ್ಮನೆ ಬಂದು ಅಂಟಿಕೊಳ್ಳುವುದಿಲ್ಲ, ಪೆಟ್ಟನ್ನು ತನ್ನ ಹಿಂದಿನ ಅಕ್ಷರಕ್ಕೆ ಎಳೆದುಕೊಳ್ಳುತ್ತದೆ. ‘ಪೊಯೆಟ್’ನಲ್ಲಿ ಒತ್ತು ಮೊದಲಲ್ಲಿದೆ, ‘ಪೊಯೆಟಿಕ್’ನಲ್ಲಿ ‘ಎ’ಗೆ ಜಾರುತ್ತದೆ. ‘ಎನರ್ಜಿ’ಗೆ ಮೊದಲಕ್ಷರದಲ್ಲಿ ಪೆಟ್ಟು, ‘ಎನರ್ಜೆಟಿಕ್’ಗೆ ‘ಜೆ’ಯಲ್ಲಿ. ‘ಸಿಂಪಥಿ’ಯಿಂದ ‘ಸಿಂಪಥೆಟಿಕ್’, ‘ಅಥ್ಲೀಟ್’ನಿಂದ ‘ಅಥ್ಲೆಟಿಕ್’. ಎಲ್ಲೆಲ್ಲಿಂದಲೋ ಬಂದ ಪದಗಳು ‘ಎಟಿಕ್’ ಎಂಬ ಒಂದೇ ಚಾವಡಿಯಲ್ಲಿ ಬಂದು ಕುಳಿತವು. ಚೆಂಡೆಯ ಹುಡುಗ ಇದನ್ನು ಹೇಳುತ್ತ ಮೇಜು ಬಾರಿಸಿದ್ದನ್ನು ಕೇಳಿ ಪಕ್ಕದ ತರಗತಿಯ ಗಣಿತದ ಮೇಷ್ಟ್ರು ಬಾಗಿಲಿಗೆ ಬಂದು ನಿಂತರು. ನಾನು ಕ್ಷಮೆ ಕೇಳಿ ಸದ್ದು ಇಳಿಸಿದೆ.

ಈ ನಿಯಮವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಹೆಮ್ಮೆಯಿಂದ ತಿರುಗುವಷ್ಟರಲ್ಲಿ ಕಿಟಕಿಯ ಪಕ್ಕದ ಹುಡುಗಿ ಕೈ ಎತ್ತಿದಳು. “ಟೀಚರ್, ಹಾಗಾದರೆ ನಾವು ಕ್ಯಾಥಲಿಕ್ ಎನ್ನುವುದು ತಪ್ಪಾ? ಇಗರ್ಜಿಯಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರೆ.” ತಪ್ಪಲ್ಲ. ‘ಕ್ಯಾಥಲಿಕ್’ನಲ್ಲಿ ಪೆಟ್ಟು ಮೊದಲಕ್ಷರಕ್ಕೇ, ‘ಆ್ಯರಬಿಕ್’ನಲ್ಲೂ ಅಷ್ಟೇ. ಹಾಗಾಗಿ ‘ಕ್ಯಾಥಲಿಕ್’ ಅನ್ನು ‘ಮೆಟಾಲಿಕ್’ ಜೊತೆ ಕೂರಿಸಲಾಗದು. ಬೋರ್ಡಿನ ಮೇಲಿನ ‘ಯಾವಾಗಲೂ’ ಎಂಬ ಪದವನ್ನು ಒರೆಸಿ ‘ಹೆಚ್ಚಾಗಿ’ ಎಂದು ತಿದ್ದಿದೆ.

‘ಫುಲ್’ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು ಪೆಟ್ಟನ್ನು ಮುಟ್ಟುವುದೇ ಇಲ್ಲ, ಮೂಲಪದಕ್ಕೆ ಎಲ್ಲಿದೆಯೋ ಅಲ್ಲೇ ಬಿಡುತ್ತದೆ. ‘ಬ್ಯೂಟಿಫುಲ್’ ಮತ್ತು ‘ವಂಡರ್‌ಫುಲ್’ ಶುಭಾಶಯ ಪತ್ರಗಳಲ್ಲಿ ಎಷ್ಟು ಅಕ್ಕಪಕ್ಕ ಬಂದರೂ ಪ್ರಾಸವಲ್ಲ. ‘ಫಿಯರ್’, ‘ಟಿಯರ್’, ‘ಚಿಯರ್’ ಮೊದಲೇ ಜೊತೆಯಾಗಿರುವುದರಿಂದ ‘ಫಿಯರ್‌ಫುಲ್, ಟಿಯರ್‌ಫುಲ್, ಚಿಯರ್‌ಫುಲ್’ ಸೇರುತ್ತವೆ.

‘ಏಬಲ್’ ಬಗ್ಗೆ ಹೇಳಲು ನನಗೆ ಸಂಕೋಚ. ‘ಕಂಫರ್ಟೇಬಲ್’ ಎಂಬ ಪದದೊಳಗೆ ಒಂದು ‘ಟೇಬಲ್’ ಇದೆ ಎಂದೇ ನಾನು ಬಹಳ ವರ್ಷ ಹೇಳುತ್ತಾ ಬಂದಿದ್ದೆ, ‘ವೆಜಿಟೇಬಲ್’ ಒಳಗೂ. ಎರಡರಲ್ಲೂ ಪೆಟ್ಟು ಮೊದಲಕ್ಷರಕ್ಕೆ, ಕೊನೆ ಬರೀ ‘ಟಬಲ್’. ಮಕ್ಕಳೆದುರು ಒಪ್ಪಿಕೊಂಡಾಗ ಯಾರೂ ನಗಲಿಲ್ಲ. ಅವರೂ ಹಾಗೆಯೇ ಹೇಳುತ್ತಿದ್ದರು, ಕಲಿಸಿದವಳು ನಾನೇ ತಾನೆ. ಆ ಪ್ರತ್ಯಯದಲ್ಲಿ ಒಳ್ಳೆಯ ಜೋಡಿ ತಂದುಕೊಟ್ಟವನು ಮೀನುಗಾರರ ಮನೆಯ ಹುಡುಗ: ‘ಡ್ರಿಂಕಬಲ್’, ‘ಅನ್‌ಸಿಂಕಬಲ್’. ಕುಡಿಯಬಹುದಾದ ನೀರು, ಮುಳುಗದ ದೋಣಿ. ಸಮುದ್ರದ ನಡುವೆ ಇನ್ನೇನು ಬೇಕು ಎಂದು ಅವನ ಲೆಕ್ಕ.

ವರ್ಷದ ಕೊನೆಗೆ ಒಂದೊಂದು ಮನೆಯ ಪದಗಳನ್ನು ಬಳಸಿ ಮೂರು ಸಾಲು ಬರೆದು ತರಲು ಹೇಳಿದೆ. ಹೆಚ್ಚಿನವರು ಪ್ರಾಸಕ್ಕಾಗಿ ಅರ್ಥವನ್ನು ಬಲಿಕೊಟ್ಟಿದ್ದರು. ಒಬ್ಬನ ಅಜ್ಜಿ ‘ನೊಟೋರಿಯಸ್’ ಆಗಿದ್ದರು. ಆ ಪದ ಕೆಟ್ಟ ಹೆಸರಿಗೆ ಮಾತ್ರ ಸಲ್ಲುತ್ತದೆ ಎಂದು ವಿವರಿಸಿದಾಗ ಅವನು ಸ್ವಲ್ಪ ಯೋಚಿಸಿ, ಹಾಗೇ ಇರಲಿ ಎಂದ. ನನಗೆ ಬಹಳ ಹಿಡಿಸಿದ್ದು ತಾಯಿಯ ಜೊತೆ ಮೀನು ಮಾರುಕಟ್ಟೆಯಲ್ಲಿ ಕೂರುವ ಹುಡುಗಿಯದು. ಮೊದಲ ಸಾಲಿನಲ್ಲಿ ಬಂಗುಡೆ ‘ಡಿಲಿಷಸ್’, ಎರಡನೆಯದರಲ್ಲಿ ಬೂತಾಯಿ ‘ನ್ಯೂಟ್ರಿಷಸ್’, ಮೂರನೆಯದರಲ್ಲಿ ಬುಟ್ಟಿಯ ಪಕ್ಕ ಕಣ್ಣು ಅರೆಮುಚ್ಚಿ ಕುಳಿತ ಬೆಕ್ಕು ‘ಸಸ್ಪಿಷಸ್’. ಆ ಪದಕ್ಕೆ ಸಂಶಯ ಹುಟ್ಟಿಸುವ ಎಂದೂ ಸಂಶಯಪಡುವ ಎಂದೂ ಎರಡು ಅರ್ಥವಿದೆ. ಬೆಕ್ಕಿಗೆ ಎರಡೂ ಹೊಂದುತ್ತವೆ.

ನಮ್ಮ ಗೋಡೆಯ ಚಾರ್ಟಿನಲ್ಲಿ ‘ಪ್ರೆಷಸ್’ ಮಾತ್ರ ಒಂಟಿಯಾಗಿ ಉಳಿದಿತ್ತು. ಎಂಟನೆಯ ತರಗತಿಗೆ ತಿಳಿದ ಯಾವ ಗುಣವಾಚಕವೂ ಅದರ ಮನೆಗೆ ಬರಲಿಲ್ಲ. ರಜೆಗೆ ಮುಂಚಿನ ದಿನ ಅದೇ ಮೀನಿನ ಹುಡುಗಿ ಒಂದು ಚೀಟಿ ತಂದು ಕೈಗಿಟ್ಟಳು: ‘ಫ್ರೆಷಸ್’. ಈಗಷ್ಟೇ ದಡಕ್ಕೆ ಬಂದ ಮೀನಂತೆ. ಇಂಥ ಪದ ಇಲ್ಲ ಮಗೂ ಎಂದೆ. “ಪೆಟ್ಟು ಸರಿ ಬಿದ್ದಿದೆಯಲ್ಲ ಟೀಚರ್” ಎಂದಳು. ಚಾರ್ಟಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಲು ಬಿಟ್ಟೆ.