ನೀರಿನ ಸಭೆಯಲ್ಲಿ ಭಾಷಣ ಕಡಿಮೆ ಇರಲಿ
ನೀರು ಕಾಪಾಡುವ ಬಗ್ಗೆ ಸಭೆ ಕರೆಯುತ್ತಿದ್ದೀರಾ? ಸ್ಲೈಡ್ ತೋರಿಸುವುದಕ್ಕಿಂತ ಎರಡು ಟ್ರೇ ತನ್ನಿ. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಹುಲ್ಲು ಬೇರುಬಿಟ್ಟ ಮಣ್ಣು. ಎರಡನ್ನೂ ಸ್ವಲ್ಪ ಓರೆಯಾಗಿಟ್ಟು, ಒಂದೇ ಅಳತೆಯ ನೀರು ಹನಿಸಿ. ಕೆಳಗಿಟ್ಟ ಗಾಜಿನ ಲೋಟಗಳನ್ನು ನೋಡಿ: ಒಂದರಲ್ಲಿ ಕೆಸರು, ಇನ್ನೊಂದರಲ್ಲಿ ಸುಮಾರು ತಿಳಿನೀರು. ಕೆರೆದಂಡೆಯ ಹುಲ್ಲು ಯಾಕೆ ಬೇಕು ಅಂತ ಮಕ್ಕಳಿಗೂ ಹೊಳೆಯುತ್ತದೆ.

ಆದರೆ ತಿಳಿಯಾಗಿದ್ದರೆ ಕುಡಿಯಬಹುದು ಅಂತಲ್ಲ, ಇದನ್ನು ಒತ್ತಿ ಹೇಳಿ. ಗೊಬ್ಬರ, ಕೊಳಚೆಯಿಂದ ನೀರಿಗೆ ಸೇರುವ ನೈಟ್ರೇಟ್ ಎಂಬ ಲವಣಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನೀರು ಕುದಿಸಿದರೂ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 50 ಮಿಲಿಗ್ರಾಂ. ನೀರಿಗೆ ಮಲ ಸೇರಿದೆ ಅಂತ ತೋರಿಸುವ ಇ. ಕೋಲಿ ಬ್ಯಾಕ್ಟೀರಿಯಾ ಅಂತೂ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಕಾಣಬಾರದು.

ಬಾವಿ ಇರುವವರಿಗೆ ಪರೀಕ್ಷೆಗೆ ನೀರಿನ ಮಾದರಿ ತೆಗೆಯುವುದನ್ನು ಅಲ್ಲೇ ಮಾಡಿ ತೋರಿಸಿ. ಪ್ರಯೋಗಾಲಯ ಕೊಟ್ಟ ಬಾಟಲಿಯನ್ನು ತೊಳೆಯಬಾರದು, ಬಾಟಲಿಯ ಬಾಯನ್ನು ಕೈಯಿಂದ ಮುಟ್ಟಬಾರದು, ತಣ್ಣಗಿಟ್ಟು 24 ಗಂಟೆಯೊಳಗೆ ತಲುಪಿಸಬೇಕು. ಸುಮ್ನೆ ಹಳೇ ಜ್ಯೂಸ್ ಬಾಟಲಿಯಲ್ಲಿ ತಂದರೆ ಫಲಿತಾಂಶ ನಂಬೋಕಾಗಲ್ಲ, ಅಲ್ವಾ?

ಹಾಂ, ಉಳಿದ ಬಣ್ಣ, ಹಳೇ ಎಂಜಿನ್ ಆಯಿಲ್, ಅವಧಿ ಮುಗಿದ ಮಾತ್ರೆಯನ್ನು ಚರಂಡಿಗೆ ಹಾಕದೆ ಎಲ್ಲಿ ಕೊಡಬೇಕು ಅಂತ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಜಾಸ್ತಿ ಪ್ರಶ್ನೆ ಬರುವುದು ಅದರ ಬಗ್ಗೆಯೇ.